ಏಳನೇ ಗುಡ್ಡದ ಕೆಂಪು ಚುಕ್ಕಿಗಳು

"ಡೆಲ್ಫಿನಾ ಅಜ್ಜಿ, ನನ್ನ ನಕ್ಷೆಗೆ ದೆವ್ವ ಹಿಡಿದಿದೆ!" ಎನ್ನುತ್ತಾ ಡೇಲ್ ಒಳಗೆ ಬಂದ. ಅರಿಜೋನದ ಆ ರಕ್ಷಿತ ಮರುಭೂಮಿಗೆ ಅವನೇ ಅಧಿಕಾರಿ. ಹೊರಗಿಂದ ಬಂದ ಬಫಲ್ ಹುಲ್ಲು ಹಬ್ಬಿದಲ್ಲೆಲ್ಲ ನಕ್ಷೆಯಲ್ಲಿ ಕೆಂಪು ಚುಕ್ಕಿ ಇಟ್ಟು, ಕೀಳುವವರನ್ನು ಅಲ್ಲಿಗೆ ಕಳಿಸುತ್ತಿದ್ದ. ಏಳನೇ ಗುಡ್ಡದಲ್ಲಿ, ವಿಮಾನದಿಂದ ತೆಗೆದ ಚಿತ್ರ ನೋಡಿ ಇಟ್ಟ ಚುಕ್ಕಿಗಳು ಮೂರು ಸಲ ಮಾಯವಾಗಿದ್ದವು.

ನನಗೂ ಆ ಗುಡ್ಡವೆಂದರೆ ಭಯ. ಅಲ್ಲಿ ಯಾರೋ ಅಳುತ್ತಾರೆಂದು ನಮ್ಮ ಓಧಮ್ ಜನ ಅತ್ತ ಹೋಗುವುದನ್ನೇ ಬಿಟ್ಟಿದ್ದರು. ಇನ್ನು ಹತ್ತು ದಿನಕ್ಕೆ ಸಿಡಿಲಿನ ಮಳೆ. ಒಣಹುಲ್ಲಿಗೆ ಕಿಡಿ ಬಿದ್ದರೆ ಸಾಗುವಾರೊ ಕಳ್ಳಿಗಳೆಲ್ಲ ಸುಟ್ಟುಹೋಗುತ್ತವೆ. ನಮಗೆ ಅವು ಗಿಡಗಳಲ್ಲ, ಮನೆಯ ಹಿರಿಯರು.

"ಕಂಪ್ಯೂಟರ್ ಮುಟ್ಟೋರು ಯಾರ್ಯಾರು?" ಡೆಲ್ಫಿನಾ ಕೇಳಿದಳು.

"ನಾನು, ಗುಮಾಸ್ತೆ ಲೊರೀನ್, ಗುಡ್ಡ ಸುತ್ತೋ ಹಾರ್ಲನ್."

ಮೂವತ್ತು ವರ್ಷ ಗಿಡ ಎಣಿಸಿದ ಡೆಲ್ಫಿನಾ ಕಚೇರಿಯ ಹಿಂದಿನ ಕೋಣೆಯಲ್ಲೇ ವಾಸವಾಗಿದ್ದಳು. ಆಕೆಯ ಪಿಕಪ್ ಓಡಿಸಿ ಬೈಸಿಕೊಳ್ಳುವವನು ನಾನು.

ಏಳನೇ ಗುಡ್ಡಕ್ಕೆ ಹೊರಟಾಗ ದಾರಿಯ ಅಂಗಡಿಯಲ್ಲಿ ಹಾರ್ಲನ್ ಸಿಕ್ಕ. ಸಕ್ಕರೆ ಕಾಯಿಲೆಯವನ ಕೈಯಲ್ಲಿ ಎರಡು ಕಿತ್ತಳೆ ಸೋಡಾ! "ಸಾಯೋ ಆಸೇನೇನೋ?" ಎಂದು ಛೇಡಿಸಿದೆ. ಅವನು ನಗಲಿಲ್ಲ. ಅವನ ಸೋದರತ್ತೆ ಕಟ್ಟಿಕೊಟ್ಟ ರೊಟ್ಟಿ, ನೀಲಿ ಹೂವು ಅಚ್ಚಾದ ಹಿಟ್ಟಿನ ಚೀಲದಲ್ಲಿತ್ತು.

ಗುಡ್ಡ ಹತ್ತಿದಾಗ ಅಳು ನಿಜವಾಗಿಯೂ ಕೇಳಿಸಿತು. "ಗಾಳಿಯಿರಬೇಕು," ಎಂದಳು ಡೆಲ್ಫಿನಾ, ಅಷ್ಟೇನೂ ಧೈರ್ಯವಿಲ್ಲದೆ. ಒಂದು ಕಲ್ಲುಗುಪ್ಪೆಯ ಸುತ್ತ, ಅಂಗಳದಷ್ಟು ಜಾಗದಲ್ಲಿ, ಹುಲ್ಲನ್ನು ಬೇರುಸಹಿತ ಕಿತ್ತು ನೀಲಿ ಹೂವಿನ ಚೀಲಗಳಿಗೆ ತುಂಬಿದ್ದರು. ಕಲ್ಲಿನ ಮೇಲೆ ತೆರೆಯದ ಕಿತ್ತಳೆ ಸೋಡಾ ಇತ್ತು.

ಮಧ್ಯಾಹ್ನ ಡೆಲ್ಫಿನಾ ಎಲ್ಲರನ್ನೂ ಕಚೇರಿಯಲ್ಲಿ ಕೂರಿಸಿದಳು.

"ಹುಲ್ಲು ಕಮ್ಮಿ ಅಂತ ತೋರಿಸೋದಾದ್ರೆ ಡೇಲ್ ಬೇರೆ ಗುಡ್ಡಗಳ ಚುಕ್ಕೀನೂ ಅಳಿಸ್ತಿದ್ದ. ಅಳಿಸಿದವ್ರೇ ಅಲ್ಲಿ ಕಿತ್ತಿದ್ದಾರೆ. ಲೊರೀನ್ ಕಿತ್ತಿಲ್ಲ, ಅವಳ ಉದ್ದನೆ ಬಣ್ಣದ ಉಗುರು ನೋಡಿ. ಕಿತ್ತ ಹುಲ್ಲಿರೋದು ಕಚೇರಿ ಕೊಡೋ ಕಪ್ಪು ಚೀಲದಲ್ಲಲ್ಲ, ಸೋದರತ್ತೆ ಮನೆಯ ಹಿಟ್ಟಿನ ಚೀಲದಲ್ಲಿ. ಸೋಡಾ ಕೊಂಡಿದ್ದೂ ಕುಡಿಯೋಕಲ್ಲ, ಆ ಕಲ್ಲಿನ ಮೇಲಿಡೋಕೆ. ಅಲ್ವೇನಪ್ಪಾ ಹಾರ್ಲನ್?"

ಹಾರ್ಲನ್ ತಲೆ ತಗ್ಗಿಸಿದ. "ಆ ಕಲ್ಲುಗಳ ಕೆಳಗೆ ನನ್ನ ತಮ್ಮ ಮಲಗಿದಾನೆ. ಚುಕ್ಕಿ ಇದ್ರೆ ಕೀಳೋಕೆ ಬಂದೋರೆಲ್ಲ ಬೂಟು ಹಾಕ್ಕೊಂಡು ಅವನ ಮೇಲೇ ನಡೀತಾರೆ. ಬೇಡ ಅನ್ನೋಕೆ ಅವನ ಹೆಸರು ಹೇಳ್ಬೇಕಿತ್ತು ಅಜ್ಜೀ."

ಸತ್ತವರ ಹೆಸರನ್ನು ನಾವು ಬಾಯಿಗೆ ತರುವುದಿಲ್ಲ. ಹೊರಗಿನವನಾದ ಡೇಲ್‌ಗೆ ಅದು ಹೇಗೆ ಗೊತ್ತಾಗಬೇಕು? ಅಂಗಡಿಯಲ್ಲಿ ಆಡಿದ ಮಾತು ನೆನಪಾಗಿ ನನಗೆ ನಾಚಿಕೆಯಾಯಿತು.

"ಹೆಸರು ಯಾರು ಕೇಳಿದ್ರೋ?" ಡೆಲ್ಫಿನಾಳ ದನಿ ಮೆತ್ತಗಾಯಿತು. "ನೀನೊಬ್ನೇ ಕಿತ್ತಿರೋದು ಒಂದಂಗಳ. ಬೆಂಕಿ ಬಂದ್ರೆ ಅವನ ಸುತ್ತ ನಿಂತಿರೋ ಹಿರಿಯರೆಲ್ಲ ಹೋಗ್ತಾರೆ. ಅವನು ಒಂಟಿಯಾಗ್ತಾನೆ."

ಆಕೆ ನಕ್ಷೆಯಲ್ಲಿ ಚುಕ್ಕಿಗಳನ್ನೆಲ್ಲ ಮತ್ತೆ ಇಡಿಸಿ, ನಡುವೆ ಕಲ್ಲುಗುಪ್ಪೆಯ ಜಾಗಕ್ಕೆ ಒಂದು ಬಿಳಿ ಸುತ್ತು ಬಿಡಿಸಿದಳು.

"ಇಲ್ಲಿ ಏನಂತ ಬರೀಲಿ?" ಡೇಲ್ ಕೇಳಿದ.

"ಹುಲ್ಲಿಲ್ಲ ಅಂತ ಬರಿ. ನಿಜಾನೇ ತಾನೆ?"

ಮರುದಿನ ಹದಿನಾರು ಜನ ಗುಡ್ಡ ಹತ್ತಿದೆವು. ಬಿಳಿ ಸುತ್ತಿನೊಳಗೆ ಯಾರೂ ಕಾಲಿಡಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಕೆಲಸ ಮುಗಿದಾಗ ಹಾರ್ಲನ್ ಒಂದು ಸೋಡಾವನ್ನು ಕಲ್ಲಿನ ಮೇಲಿಟ್ಟು, ಇನ್ನೊಂದನ್ನು ನನ್ನ ಕೈಗೆ ಕೊಟ್ಟ. ನನಗೆ ಕಿತ್ತಳೆ ಸೋಡಾ ಸೇರುವುದಿಲ್ಲ. ಒಂದು ಹನಿ ಬಿಡದೆ ಕುಡಿದೆ.