ಗಾಳಿ ಅಂಗಿಯೊಳಗೊಂದು ಸುಳ್ಳು

ಪ್ರೀತಿಸಿದವಳ ಮುಂದೆ ಎರಡೂ ಕೈ ಚಾಚಿ ನಿಲ್ಲುವ ಗಂಡಸರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಸೋಮನಿಂಗ ಹಾಗೆ ನಿಂತದ್ದು ಮಾತ್ರ ಭಾವನೆಯಿಂದಲ್ಲ, ಗಾಳಿಯಿಂದ. ಕಂಪ್ರೆಸರ್ ಗುರ್ರೆನ್ನುತ್ತಿತ್ತು, ಅವನು ತೊಟ್ಟ ಕಿತ್ತಳೆ ಬಣ್ಣದ ಅಂಗಿ ಉಬ್ಬುತ್ತಿತ್ತು, ತೋಳುಗಳು ತಾವಾಗಿಯೇ ಮೇಲೇಳುತ್ತಿದ್ದವು.

"ಈಗ ಮೊಣಕೈ ಬಗ್ಗಸ್ರಿ ಸರ," ಎಂದಳು ಭುವನೇಶ್ವರಿ.

ಬಗ್ಗಿಸಿದ. ಒಳಗೆ ರಟ್ಟೆ ನಡುಗಿತು, ಬೆನ್ನಲ್ಲಿ ಬೆವರು ಇಳಿಯಿತು. ಮುಖ ಮಾತ್ರ ಫೋಟೊ ತೆಗೆಸಲು ಕೂತವನ ಹಾಗೆ ಶಾಂತವಾಗಿತ್ತು.

"ಹೆಂಗ ಅನಸ್ತೈತ್ರಿ?"

"ಹಗುರ ಐತ್ರಿ ಮೇಡಂ. ಜುಬ್ಬಾ ಹಾಕ್ಕೊಂಡಂಗ ಐತಿ."

ಅವಳು ನಕ್ಕಳು. ನಗುವಾಗ ಪೆನ್ಸಿಲ್ ತುದಿ ಕಚ್ಚುತ್ತಿದ್ದಳು, ಎಡಗಣ್ಣು ಬಲಗಣ್ಣಿಗಿಂತ ತುಸು ಕಿರಿದಾಗುತ್ತಿತ್ತು. ಆ ಒಂದು ಕಣ್ಣಿಗಾಗಿ ಸೋಮನಿಂಗ ಸಿಂದಗಿಯಿಂದ ಇಂಡಿಯವರೆಗೂ ಕೈ ಚಾಚಿಕೊಂಡೇ ನಡೆಯಲು ತಯಾರಿದ್ದ.

ಅವನು ತೊಟ್ಟದ್ದು ಪ್ರೆಷರ್ ಸೂಟ್. ಗಾಳಿ ತೆಳುವಾಗುವಷ್ಟು ಎತ್ತರಕ್ಕೆ ಬಲೂನಿನಲ್ಲಿ ಹೋಗುವವರು ಬದುಕಿ ಉಳಿಯಬೇಕಾದರೆ ಮೈ ಸುತ್ತ ಗಾಳಿಯ ಒತ್ತಡ ಬೇಕು. ಅದನ್ನು ಅಂಗಿಯೊಳಗೇ ತುಂಬಿಕೊಂಡು ಹೋಗುತ್ತಾರೆ. ತುಂಬುವುದು ಸುಲಭ, ತುಂಬಿದ ಮೇಲೆ ಕೈಕಾಲು ಆಡಿಸುವುದೇ ಫಜೀತಿ. ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ಹೊಡೆದು ಮಡಚಲು ಹೋದವರಿಗೆ ಇದು ಗೊತ್ತಿದ್ದೀತು. ಪುಣೆಯ ಕೆಲಸ ಬಿಟ್ಟು ಬಂದ ಭುವನೇಶ್ವರಿ, ಸಿಂದಗಿಯಲ್ಲಿ ಸೋದರತ್ತೆ ಗುರವ್ವನ ಟೇಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸರಾಗವಾಗಿ ಮಡಚುವ ತೋಳನ್ನು ಹುಡುಕುತ್ತಿದ್ದಳು. ತೊಟ್ಟು ನೋಡಲು ಎತ್ತರದ ಆಳು ಬೇಕಿತ್ತು. ಹೈಸ್ಕೂಲಿನ ದೈಹಿಕ ಶಿಕ್ಷಕ ಸೋಮನಿಂಗ ಟ್ರ್ಯಾಕ್ ಪ್ಯಾಂಟಿನ ಜಿಪ್ ರಿಪೇರಿಗೆಂದು ಬಂದವನು, ಸೂಟಿಗೆ ಅಳತೆ ಕೊಟ್ಟ, ಅಳತೆಯ ಜೊತೆಗೆ ಮನಸ್ಸನ್ನೂ ಕೊಟ್ಟು ಹೋದ.

ತೊಂದರೆ ಒಂದೇ. ಅವನು ದೇವಣಗಾಂವದವನು, ಗುಂಡುಕಲ್ಲು ಎತ್ತುವ ಮನೆತನ. ಅವರ ಮನೆಯಲ್ಲಿ ಕಲ್ಲನ್ನು ಹೆಗಲಿಗೇರಿಸಿದರೆ ಸಾಲದು, ಮುಖ ಕಿವುಚಬಾರದು. ಉಸ್ ಎಂದವನು ಎತ್ತಿದ್ದನ್ನು ಎತ್ತಿದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಲ್ಲೂ ಅದನ್ನೇ ನಡೆಸಿದ. ತೋಳು ಮಡಚುತ್ತಿದ್ದದ್ದು ಅವಳ ವಿನ್ಯಾಸದಿಂದಲ್ಲ, ಅವನ ರಟ್ಟೆಯಿಂದ. ಮೊದಲ ದಿನದ ಸುಳ್ಳು ಮರ್ಯಾದೆಗಾಗಿ, ಆಮೇಲಿನವೆಲ್ಲ ಅವಳ ನಗುವಿಗಾಗಿ.

"ಗುರುವಾರ ಪ್ರಿಯದರ್ಶಿನಿ ಬರ್ತಾರ್ರಿ, ಬಲೂನ್ ಪೈಲಟ್," ಎಂದಳು ಭುವನೇಶ್ವರಿ, ಅವನ ಅಂಗಿಯ ಗಾಳಿ ಇಳಿಸುತ್ತ. "ಒಪ್ಪಿದ್ರ ಇದನ್ನ ಹಾಕ್ಕೊಂಡ ಮ್ಯಾಲ ಹಾರ್ತಾರ. ಒಪ್ಪಲಿಲ್ಲಂದ್ರ ನಾ ಈ ಕೋಣಿಗೆ ಕೀಲಿ ಹಾಕಿ ಪುಣೆಕ್ಕ ಹೊಂಟೆ."

ಸೋಮನಿಂಗ ಲೆಕ್ಕ ಹಾಕಿದ. ನಿಜ ಹೇಳಿದರೆ ಇವಳು ಊರು ಬಿಡುತ್ತಾಳೆ. ಹೇಳದಿದ್ದರೆ ಆ ಹೆಣ್ಣುಮಗಳು ಆಕಾಶದಲ್ಲಿ ಪ್ಯಾರಾಚೂಟಿನ ಹಗ್ಗಕ್ಕೆ ಕೈ ನಿಲುಕದೆ ಬೆದರುಗೊಂಬೆಯ ಹಾಗೆ ನಿಲ್ಲುತ್ತಾಳೆ. ಮುಂದಿನದನ್ನು ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ.

"ಮೇಡಂ, ಒಂದ್ ಮಾತ್ರಿ. ತೋಳು ಭಾಳ ಬಿಗಿ ಐತ್ರಿ. ಮೊದಲಿಂದಾನೂ. ನಾ ಜೋರ್ ಹಾಕಿ ಬಗ್ಗಸಾಕತ್ತಿದ್ದೆ."

"ಚ್ಯಾಷ್ಟಿ ಮಾಡಬ್ಯಾಡ್ರಿ ಸರ."

ಅವನು ತಲೆ ಎತ್ತಲಿಲ್ಲ. ಅವಳು ಅಂಗಿ ಬಿಚ್ಚಿಸಿ ತಾನೇ ತೊಟ್ಟಳು. ಗುರವ್ವ ಬದಿಯ ಲಾಡಿಗಳನ್ನು ಬಿಗಿದು ಅವಳ ಮೈಗೆ ಕೂಡಿಸಿದಳು, ಸೋಮನಿಂಗ ಕಂಪ್ರೆಸರ್ ಹಚ್ಚಿದ. ಭುವನೇಶ್ವರಿಯ ಎರಡೂ ತೋಳು ಎದ್ದು ನಿಂತವು. ಬಗ್ಗಿಸಲು ನೋಡಿದಳು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಮತ್ತೆ ನೋಡಿದಳು. ಮೊಣಕೈ ಜಪ್ಪಯ್ಯ ಅನ್ನಲಿಲ್ಲ.

"ಇಷ್ಟ ದಿನ ನನ್ನ ಮುಂದ ಸುಳ್ಳ ಹೇಳಿದ್ರೇನ್ರಿ?"

ಬೆರಳು ತೋರಿಸಿ ಬೈಯಬೇಕೆಂದಿದ್ದಳು, ಬೆರಳು ಕಿಟಕಿಯ ಕಡೆಗಿತ್ತು. ಅವನತ್ತ ತೋರಿಸಲು ಇಡೀ ಮೈಯನ್ನೇ ತಿರುಗಿಸಬೇಕಾಯಿತು. ಆ ಭರಕ್ಕೆ ಹಲಗೆಯ ಮೇಲಿದ್ದ ದಾರದ ಉಂಡೆಗಳೆಲ್ಲ ನೆಲಕ್ಕುರುಳಿದವು.

"ಸಾವಕಾಶ ಜಗಳ ಆಡ್ರಿ," ಎಂದು ಗುರವ್ವ ಉಂಡೆ ಆಯತೊಡಗಿದಳು.

"ಯಾಕ ಹೇಳಿದ್ರಿ ಸುಳ್ಳು?"

"ಹಗುರ ಐತಿ ಅಂದ್ರ ನೀವು ನಗತಿದ್ರಿ. ಆ ನಗಿ ನೋಡಾಕ ಅಂದೆ." ಸೋಮನಿಂಗ ಒಂದು ದಾರದ ಉಂಡೆ ಎತ್ತಿ ಹಲಗೆಯ ಮೇಲಿಟ್ಟ. "ನೀವಂದ್ರ ನನಗ ಭಾಳ ಜೀವ್ರಿ."

ಗುರವ್ವ ಆಯುವುದನ್ನು ಅಲ್ಲಿಗೇ ಬಿಟ್ಟು, ಚಹಾದ ನೆವ ಹೇಳಿ ಹೊರಗೆ ಹೋದಳು.

ಭುವನೇಶ್ವರಿಗೆ ಮುಖ ಮುಚ್ಚಿಕೊಳ್ಳಬೇಕೆನ್ನಿಸಿತು. ಕೈ ಬರಲಿಲ್ಲ. ನಾಚಿಕೊಳ್ಳುವುದಕ್ಕೂ ಮೊಣಕೈ ಬೇಕಾಗುತ್ತದೆ ಎಂಬುದನ್ನು ಅವಳು ವಿನ್ಯಾಸ ಮಾಡುವಾಗ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೆಂಪೇರಿದ ಕೆನ್ನೆಗಳನ್ನು ಅವನೆದುರು ಹಾಗೇ ಬಿಟ್ಟುಕೊಂಡು ನಿಂತಳು.

"ಮೊದಲ ಗಾಳಿ ಬಿಡ್ರಿ," ಎಂದಳು ಮೆಲ್ಲಗೆ.

ಅಂಗಿ ಕಳಚಿದವಳೇ ಪೈಲಟ್‌ಗೆ ಫೋನ್ ಮಾಡಿದಳು. ತೋಳು ಇನ್ನೂ ಆಗಿಲ್ಲ, ತಪ್ಪು ನನ್ನ ಪರೀಕ್ಷೆಯದು, ಸಮಯ ಬೇಕು ಎಂದಳು. ಮೇಲೆ ಹೋದ ಮೇಲೆ ಗೊತ್ತಾಗುವುದಕ್ಕಿಂತ ಇದು ವಾಸಿ ಎಂದು ಪ್ರಿಯದರ್ಶಿನಿ ದಸರೆಯವರೆಗೆ ಅವಕಾಶ ಕೊಟ್ಟಳು. ಫೋನ್ ಇಟ್ಟು ನೋಡಿದರೆ ಸೋಮನಿಂಗ ಚಪ್ಪಲಿ ಮೆಟ್ಟುತ್ತಿದ್ದ.

"ಎಲ್ಲಿ ಹೊಂಟ್ರಿ? ಬರ್ರಿ, ಅಂಗಿ ಹಾಕ್ಕೋರಿ. ಇನ್ನ ಮ್ಯಾಲ ಎಷ್ಟ ಬಿಗಿ ಐತಿ ಅನ್ನೂದು ನನಗ ನಿಮ್ಮ ಮಾರಿ ಮ್ಯಾಲ ಕಾಣಬೇಕು. ತ್ರಾಸ್ ಆದ್ರ ನರಳ್ರಿ."

"ನಮ್ಮ ಮನ್ಯಾಗ ಯಾರೂ ನರಳಿಲ್ರಿ."

"ನೀವು ಶುರು ಮಾಡ್ರಿ."

ಗಾಳಿ ತುಂಬಿತು. ಸೋಮನಿಂಗ ತೋಳು ಬಗ್ಗಿಸಿದ, ತಲೆಮಾರುಗಳ ಮರ್ಯಾದೆಯನ್ನು ಬದಿಗಿಟ್ಟು ಮುಖ ಕಿವುಚಿದ, ನರಳಿದ. ಎಮ್ಮೆ ಈಯುತ್ತಿದೆಯೇನೋ ಎಂದು ಪಕ್ಕದ ಕಿರಾಣಿಯವನು ಇಣುಕಿ ಹೋದ. ಭುವನೇಶ್ವರಿ ನಗದೆ ಅವನ ಮುಖವನ್ನೇ ನೋಡುತ್ತಿದ್ದಳು. ತನಗಾಗಿ ಒಬ್ಬ ಇಷ್ಟು ಕಷ್ಟವನ್ನು ಇಷ್ಟು ದಿನ ನುಂಗಿಕೊಂಡಿದ್ದನೆಂಬುದು ಆಗ ಅವಳಿಗೆ ಅರ್ಥವಾಯಿತು, ಸಿಟ್ಟೆಲ್ಲ ಕರಗಿಹೋಯಿತು.

ಆಮೇಲಿನ ವಾರಗಳು ಬಿಚ್ಚುವುದು, ಹೊಲಿಯುವುದರಲ್ಲೇ ಕಳೆದವು. ಮೊಣಕೈಗೆ ಅವಳು ಹಾರ್ಮೋನಿಯಂ ತಿದಿಯಂತೆ ನೆರಿಗೆ ಕೂಡಿಸಿದಳು. ಒಳಬದಿಯ ನೆರಿಗೆ ಮುಚ್ಚಿಕೊಂಡರೆ ಹೊರಬದಿಯದು ಬಿಚ್ಚಿಕೊಳ್ಳಬೇಕು, ಆಗ ಒಳಗಿನ ಗಾಳಿಯ ಜಾಗ ಕಡಿಮೆಯಾಗುವುದಿಲ್ಲ, ಗಾಳಿ ಎದುರು ಬೀಳುವುದೂ ಇಲ್ಲ. ದಿನಕಳೆದಂತೆ ನರಳಿಕೆ ಸಣ್ಣದಾಯಿತು, ಬರೀ ಹೂಂ ಎನ್ನುವಷ್ಟಾಯಿತು. ಒಂದು ಸಂಜೆ ಅದೂ ಕೇಳಿಸಲಿಲ್ಲ.

"ಮತ್ತ ಸುಳ್ಳೇನ್ರಿ?"

"ನೀವ ಹಾಕ್ಕೊಂಡ ನೋಡ್ರಿ."

ತೊಟ್ಟಳು. ಗಾಳಿ ತುಂಬಿತು. ಮೊಣಕೈ ಮಡಚಿ ಮೂಗು ಮುಟ್ಟಿಕೊಂಡಳು, ಕಿವಿಯ ಝುಮಕಿ ಮುಟ್ಟಿಕೊಂಡಳು, ಜಡೆಯನ್ನು ಬೆನ್ನಿಗೆ ಎಸೆದಳು. ನೆರಿಗೆಗಳು ಸುಯ್ ಎಂದು ಮುಚ್ಚಿ ಬಿಚ್ಚಿದವು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಆ ದಪ್ಪ ತೋಳುಗಳನ್ನು ಸೋಮನಿಂಗನ ಸುತ್ತ ಹಾಕಿದಳು.

ಕಲ್ಲು ಎತ್ತುವವನಿಗೆ ಉಸಿರಾಡುವುದು ಮರೆತುಹೋಯಿತು.

"ಅಪ್ಪಗ ಹೇಳೇನಿ," ಎಂದಳು ಅವನ ಎದೆಗೆ ಮುಖವಿಟ್ಟು. "ಐತವಾರ ನಿಮ್ಮನಿ ಮಂದೀನ ಕರಕೊಂಡು ನಮ್ಮೂರ ಇಂಗಳೇಶ್ವರಕ್ಕ ಬರ್ರಿ."

"ಭುವನಾ, ಟೆಸ್ಟ್ ಮುಗೀತೇನವಾ?" ಎಂದು ಹೊರಗಿನಿಂದ ಗುರವ್ವ ಕೇಳಿದಳು.

"ಇಲ್ಲತ್ತಿ, ಈಗ ಶುರು ಆಗೇತಿ," ಎಂದು ಭುವನೇಶ್ವರಿ ಮೊಣಕೈಯನ್ನು ಇನ್ನಷ್ಟು ಮಡಚಿದಳು.