ಖಾಲಿ ಫೈಲು

ರಾಕಿಯಾ ಸಾರಾಯಿಯ ಗ್ಲಾಸು ತಾಗಿಸುವಾಗ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಡಬೇಕು. ಲೆಸ್ಕೊವಾಟ್ಸ್ ಊರಿನಲ್ಲಿ ಹಗೆಯವರೂ ಅದನ್ನು ತಪ್ಪಿಸುವುದಿಲ್ಲ. ಅಂದು ಕಾರ್ಮಿಕ ಸಂಘದ ಕಚೇರಿಯಲ್ಲಿ ವುಕಾನ್ ಗ್ಲಾಸಿನೊಳಗೇ ನೋಡಿದ.

“ಏನೋ, ನನಗಿಂತ ಸಾರಾಯಿ ಚೆಂದ ಕಾಣ್ತಿದೆಯಾ?” ಸೆಂಕಾ ಮೊಣಕೈಯಿಂದ ತಿವಿದಳು.

“ಡಿಸ್ಕ್ ಕೆಟ್ಟಿದೆ ಕಣೇ. ಕರೆಂಟ್ ಹೋದಾಗ ಒಳಗೆಲ್ಲ ಚೆಲ್ಲಾಪಿಲ್ಲಿ. ಆ ಧ್ವನಿಗಳು ಹೋದವು.”

ಶೂ ಕಾರ್ಖಾನೆಯ ಹೆಂಗಸರ ಧ್ವನಿಗಳು. ಅಂಟಿನ ವಾಸನೆಗೆ ತಲೆತಿರುಗಿ ಬಿದ್ದದ್ದನ್ನು, ಶೌಚಾಲಯಕ್ಕೆ ಬೀಗ ಜಡಿದದ್ದನ್ನು ಸಂಘದ ಪರವಾಗಿ ಧ್ವನಿಮುದ್ರಿಸಿಕೊಂಡ ಸೆಂಕಾಳನ್ನು ನಂಬಿ, ಬಿಕ್ಕುತ್ತ ಹೇಳಿದ್ದರು. ನಾಳೆ ನ್ಯಾಯಾಲಯದಲ್ಲಿ ಅವೇ ಸಾಕ್ಷಿ. ಅವನ್ನಿಟ್ಟಿದ್ದ ಸಂಘದ ಹಳೆಯ ಲಿನಕ್ಸ್ ಕಂಪ್ಯೂಟರು ವುಕಾನ್‌ನ ವಶದಲ್ಲಿತ್ತು, ಸೆಂಕಾಳ ಮನಸ್ಸೂ.

“ಒಂದ್ಸಲ ಚೆಕ್ ಮಾಡೋಣ.”

“ಮುಟ್ಟಿದ್ರೆ ಇನ್ನೂ ಕೆಡುತ್ತೆ. ನನ್ನ ನಂಬು.” ಹಣೆಗೆ ಮುತ್ತಿಟ್ಟು, ಸಿಗರೇಟಿಗೆಂದು ಹೊರಗೆ ಹೋದ.

ಕಳೆದ ಚಳಿಗಾಲ ಇದೇ ಕುರ್ಚಿಯಲ್ಲಿ, ಅವಳ ಬೆರಳ ಮೇಲೆ ಬೆರಳಿಟ್ಟು ಅವನೇ ಕಲಿಸಿದ್ದ: “ಇದಕ್ಕೆ ನಿನ್ನಷ್ಟೇ ಜಂಬ. ನಾನು ಸರಿಯಿದ್ದೀನಿ ಅಂತ ತಾನೇ ಗುರುತು ಹಾಕ್ಕೊಂಡು, ತಪಾಸಣೆ ಇಲ್ಲದೆ ಎದ್ದುಬಿಡುತ್ತೆ. ಅನುಮಾನ ಬಂದ್ರೆ ಡಿಸ್ಕಿನ ಬುಡದ ಫೋಲ್ಡರಲ್ಲಿ ‘ಫೋರ್ಸ್‌ಎಫ್‌ಎಸ್‌ಸಿಕೆ’ ಅಂತ ಒಂದು ಖಾಲಿ ಫೈಲ್ ಇಟ್ಟು ರೀಬೂಟ್ ಮಾಡು. ಆಗ ಮೂಲೆಮೂಲೆನೂ ನೋಡ್ಕೊಳ್ಳಲೇಬೇಕು.”

ಸೆಂಕಾ ಆ ಖಾಲಿ ಫೈಲನ್ನು ಇಟ್ಟಳು. ರೀಬೂಟ್ ಮಾಡಿದಳು.

ಕಪ್ಪು ಪರದೆಯ ಮೇಲೆ ತಪಾಸಣೆಯ ಸಾಲುಗಳು ಮೆಲ್ಲಗೆ ಇಳಿದವು. ಡಿಸ್ಕ್ ಕೆಟ್ಟಿರಲಿ, ದೇವರೇ, ನಿಜವಾಗಿಯೂ ಕೆಟ್ಟಿರಲಿ ಎಂದು ಅವಳು ಬೇಡಿಕೊಂಡಳು.

ಒಂದು ದೋಷವೂ ಇರಲಿಲ್ಲ. ಕರೆಂಟು ಕೆಡಿಸಿದ್ದರೆ ಚೂರುಗಳಾದರೂ ಉಳಿಯಬೇಕಿತ್ತು. ಧ್ವನಿಗಳಿದ್ದ ಫೋಲ್ಡರು ಮಾತ್ರ ಗುಡಿಸಿಟ್ಟಂತೆ ಖಾಲಿ. ಯಾರೋ ಕೂತು, ನಿಧಾನವಾಗಿ ಅಳಿಸಿದ್ದರು. ಈ ಯಂತ್ರದ ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೇ.

ವುಕಾನ್ ಬಾಗಿಲಲ್ಲಿ ನಿಂತಿದ್ದ. ಪರದೆ ನೋಡಿದವನು ನೆಲ ನೋಡಿದ.

“ನಮ್ಮಮ್ಮ ಅಲ್ಲಿ ಸೂಪರ್‌ವೈಸರ್. ಬೀಗ ಹಾಕ್ತಿದ್ದದ್ದು ಅವಳೇ. ಎಲ್ಲರೂ ಅವಳ ಹೆಸರೇ ಹೇಳಿದ್ದಾರೆ, ಅದು ನಮ್ಮಮ್ಮ ಅಂತ ನಿನಗೆ ಗೊತ್ತಿರಲಿಲ್ಲ. ಯಜಮಾನ ತಪ್ಪಿಸ್ಕೋತಾನೆ, ಅವಳು ಸಿಕ್ಕಿಬೀಳ್ತಾಳೆ.”

“ನನಗೆ ಹೇಳಿದ್ದಿದ್ರೆ ಬೀಗ ಕೊಟ್ಟ ಯಜಮಾನನನ್ನೂ ಕಟಕಟೆಗೆ ಎಳೀತಿದ್ದೆ! ನೀನು ಅವನನ್ನೇ ಉಳಿಸಿದೆ. ಅಷ್ಟು ಹೆಂಗಸರ ಬಾಯಿಗೆ ನೀನೂ ಬೀಗ ಜಡಿದೆ.”

“ಸೆಂಕಾ, ನಿನ್ನ ಪ್ರೀತಿಸ್ತೀನಿ.”

“ಗೊತ್ತು. ಅದಕ್ಕೇ ಇಷ್ಟು ಉರೀತಿರೋದು.”

ಅವಳು ಫೋನನ್ನು ಇಬ್ಬರ ನಡುವೆ ಇಟ್ಟು ರೆಕಾರ್ಡ್ ಒತ್ತಿದಳು. ಎರಡೂ ಗ್ಲಾಸಿಗೆ ರಾಕಿಯಾ ಸುರಿದಳು.

“ಸಂಜೆಯೊಳಗೆ ಆ ಹೆಂಗಸರ ಮನೆ ಬಾಗಿಲಿಗೆಲ್ಲ ಹೋಗಿ ಮತ್ತೆ ಹೇಳಿಸ್ಕೋತೀನಿ. ಉಗಿದ್ರೆ ಉಗಿಸ್ಕೋತೀನಿ. ಮೊದಲು ನೀನು ಹೇಳು. ಏನು ಅಳಿಸಿದೆ? ಯಾರಿಗೋಸ್ಕರ?”

ವುಕಾನ್ ಗ್ಲಾಸು ಎತ್ತಿದ. ಆ ದಿನ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು, ತಾಯಿಯ ಹೆಸರು ಹೇಳಿದ.

ಸೆಂಕಾ ಕಣ್ಣು ತಪ್ಪಿಸಲಿಲ್ಲ. ಗ್ಲಾಸು ಮಾತ್ರ ಮುಟ್ಟಲಿಲ್ಲ.