ಮೂರು, ನಾಲ್ಕರ ನಡುವೆ

"ಕೈ ಒಳಗೆ!"

"ಒಳಗೇ ಇದೆ!"

"ಹಾಗಲ್ಲ. ನಾನು ಹೇಳಿದ್ದನ್ನೇ ತಿರುಗಿ ಹೇಳಿ. ಕೈ ಒಳಗೆ."

"ಮೇಡಂ, ನಾನೇನು ಒಂದನೇ ಕ್ಲಾಸ್ ಹುಡುಗನಾ?"

"ಹೇಳದಿದ್ರೆ ಚಕ್ರ ತಿರುಗಲ್ಲ. ಊಟಾನ ಅಲ್ಲಿಗೇ ಕಳಿಸ್ಲಾ?"

ಆಮೇಲೆ ಬಾವಿಯ ತಳದಿಂದ ಬಂದಂತೆ ಸೋತ ದನಿ: "ಕೈ ಒಳಗೆ."

ಆಗ ಮೇಲೆ ಯಂತ್ರದ ಕೋಣೆಯಲ್ಲಿದ್ದ ಅವಳು, ಆ ಕಟ್ಟಡದ ಲಿಫ್ಟು ನೋಡಿಕೊಳ್ಳುವವಳು, ಬ್ರೇಕಿನ ಹಿಡಿ ಎತ್ತಿ, ಕಬ್ಬಿಣದ ಚಕ್ರವನ್ನು ಮೈಭಾರ ಹಾಕಿ ತಿರುಗಿಸಿದಳು. ಲಿಫ್ಟು ಮುದುಕಿಯಂತೆ ಗೊಣಗುತ್ತ ಮೂರನೇ ಮಹಡಿಗೆ ಇಳಿಯಿತು.

ಒಳಗಿರುವವರು ಮಾತನ್ನು ತಿರುಗಿ ಹೇಳದೆ ಚಕ್ರ ಮುಟ್ಟಬಾರದು. ಇದು ಅವಳಿಗಿಂತ ಮೊದಲು ಈ ಲಿಫ್ಟು ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ ಕಲಿಸಿದ ನಿಯಮ. ಹೆದರಿದ ಮನುಷ್ಯ 'ಹೂಂ' ಅನ್ನುತ್ತಾನೆ, ಕೈ ಮಾತ್ರ ಹೊರಗೇ ಇರುತ್ತದೆ. ಆ ಪಾಠಕ್ಕೆ ದೊಡ್ಡಪ್ಪ ತನ್ನದೇ ಕಿರುಬೆರಳನ್ನು ಫೀಸು ಕೊಟ್ಟಿದ್ದ.

ಅವಳು ಯಂತ್ರದ ಕೋಣೆಯಿಂದ ಇಳಿದು ಬಂದಾಗ ಆ ಮನುಷ್ಯ ಒಂದು ಬಿಳಿ ಪೆಟ್ಟಿಗೆಯನ್ನು ಕೂಸಿನಂತೆ ಎದೆಗೆ ಒತ್ತಿಕೊಂಡು ನಿಂತಿದ್ದ. ಕೂದಲೆಲ್ಲ ಕೆದರಿತ್ತು. ಹೆದರಿಕೆ ಮುಚ್ಚಿಕೊಳ್ಳಲು ನಗುತ್ತಿದ್ದ. ನಗು ಒಂದೇ ಕಡೆಗೆ ಹೋಗಿ ನಿಂತುಬಿಟ್ಟಿತ್ತು.

"ಇದನ್ನ ನಿಮ್ಮ ಲಿಫ್ಟಿಗೆ ಕೂರಿಸೋಕೆ ಬಂದಿದೀನಿ. ಎಐ. ಸದ್ದು ಕೇಳಿಸ್ಕೊಂಡು, ಯಾವಾಗ ಕೆಡುತ್ತೆ ಅಂತ ಮೊದಲೇ ಹೇಳುತ್ತೆ."

"ಹಂಗಾದ್ರೆ ಇವತ್ತಿಂದು ಯಾಕೆ ಹೇಳ್ಲಿಲ್ಲ?"

"ಇನ್ನೂ ಆನ್ ಮಾಡಿಲ್ಲ."

"ಜ್ಯೋತಿಷಿಗಳು ಎಲ್ಲರೂ ಹಿಂಗೇ," ಅಂದಳು ಅವಳು. ಅಂದಿನಿಂದ ಅವನು ಜ್ಯೋತಿಷಿ. ಇಡೀ ಕಟ್ಟಡಕ್ಕೆ ಲಿಫ್ಟಕ್ಕ ಆಗಿದ್ದವಳನ್ನು ಅವನು ಮಾತ್ರ ಮೇಡಂ ಎನ್ನುತ್ತಿದ್ದ. ಕೆಲವು ದಿನಗಳಲ್ಲಿ ಮೇಡಂ ಹೋಗಿ, 'ನೀನು' ಬಂತು. ಯಾವ ಹೊತ್ತಿನಲ್ಲಿ ಬಂತೆಂದು ಇಬ್ಬರೂ ಗಮನಿಸಲಿಲ್ಲ.

ಅದು ಜಾಲರಿ ಪಂಜರದ ಹಳೇ ಲಿಫ್ಟು. ಮೆಟ್ಟಿಲುಗಳು ಪಂಜರವನ್ನು ಬಳ್ಳಿಯ ಹಾಗೆ ಸುತ್ತಿಕೊಂಡು ಮೇಲೇರುತ್ತಿದ್ದವು. ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಒಂದು ಎತ್ತರದ ಕಿಟಕಿ. ಸಂಜೆಯ ಬಿಸಿಲು ಅಲ್ಲಿಂದ ನೇರ ಒಳಗೆ ಬೀಳುತ್ತಿತ್ತು. ಅವಳು ಲಿಫ್ಟಿನ ತಲೆಯ ಮೇಲೆ ಹತ್ತಿ ಹಳಿಗಳಿಗೆ ಎಣ್ಣೆ ಹಾಕುವಾಗ ಅವನೂ ಸೆನ್ಸರ್ ಅಂಟಿಸುವ ನೆಪದಲ್ಲಿ ಹತ್ತುತ್ತಿದ್ದ. ಲಿಫ್ಟನ್ನು ಕಿಟಕಿಗೆ ಸರಿಯಾಗಿ ನಿಲ್ಲಿಸಿ, ಕೆಳಗೆ 'ಎಣ್ಣೆ ಹಾಕಲಾಗುತ್ತಿದೆ' ಎಂಬ ಹಲಗೆ ತೂಗುಹಾಕಿ, ಇಬ್ಬರೂ ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತಿದ್ದರು. ಮುಚ್ಚಳ ಒಂದೇ. ಅವಳು ಕುಡಿದ ಕಡೆಯಿಂದಲೇ ಅವನು ಕುಡಿಯುತ್ತಿದ್ದ, ಎಲ್ಲೋ ನೋಡುತ್ತ.

"ಏನು ಕೇಳಿಸ್ತಿದೆ ನಿನ್ನ ಪೆಟ್ಟಿಗೆಗೆ?"

"ಬ್ರೇಕಿನ ಕಾಯಿಲ್, ಆ ತಂತಿ ಸುರುಳಿ, ಬಿಸಿಯಾಗ್ತಿದೆಯಂತೆ. ಬದಲಾಯಿಸು ಅಂತಿದೆ."

"ನನ್ನ ಕಿವಿ ಹಂಗೇನೂ ಹೇಳ್ತಿಲ್ಲ."

"ನಿನ್ನ ಕಿವಿ ಕೆಂಪಗಾಗಿದೆ. ಅದಕ್ಕೇ ಕೇಳಿಸ್ತಿಲ್ಲ."

ಅವಳು ಎಣ್ಣೆ ಬಟ್ಟೆ ಅವನ ಮುಖಕ್ಕೆ ಎಸೆದಳು. ಆ ದಿನಗಳಲ್ಲಿ ಆ ಹಳಿಗಳು ಕುಡಿದಷ್ಟು ಎಣ್ಣೆಯನ್ನು ಜನ್ಮದಲ್ಲೇ ಕುಡಿದಿರಲಿಲ್ಲ.

ಆಮೇಲೆ ಅವನ ಕಂಪನಿಯಿಂದ ಲಿಫ್ಟಿನ ವರದಿ ಬಂತು. ಸಂಜೆ ಹೊತ್ತು ಕಾರಣ ತಿಳಿಯದ ನಿಲುಗಡೆಗಳು, ಪದೇ ಪದೇ, ಮೂರು ಮತ್ತು ನಾಲ್ಕರ ನಡುವೆ. ಯಂತ್ರ ನಂಬಿಕೆಗೆ ಅರ್ಹವಲ್ಲ. ಪೂರ್ತಿ ಕಿತ್ತು ಹೊಸದು ಹಾಕಿ. ಕೆಳಗೆ ಅವನ ಸಹಿ.

ಲಿಫ್ಟು ಹೋದರೆ ಅವಳ ಕೆಲಸವೂ ಹೋದಂತೆ. ದೊಡ್ಡಪ್ಪನ ಕಿರುಬೆರಳು ದಂಡವಾದಂತೆ. ಅವಳು ಕಾಗದವನ್ನು ಅವನ ಮುಂದೆ ಹಿಡಿದಳು.

"ನಾನು ಬರೀಲಿಲ್ಲ," ಅಂದ ಅವನು. "ಪೆಟ್ಟಿಗೇನೇ ಬರೀತು."

"ಸಹಿ?"

ಅವನು ಕಾಗದದ ಕೆಳತುದಿಯನ್ನೇ ನೋಡಿದ.

"ಓದದೇ ಹಾಕಿದ್ಯಾ?"

"...ದಿನಾ ಎಷ್ಟೋ ಬರ್ತವೆ."

"ನಾವು ಕೂತಿದ್ದ ಜಾಗ ಅದು," ಅಂದಳು ಅವಳು, ದನಿ ಎತ್ತದೆ. "ಅದನ್ನ ರೋಗ ಅಂತ ಬರೆದಿದೆ. ನೀನು ಹೌದು ಅಂದಿದೀಯ."

ಅಂದು ಫ್ಲಾಸ್ಕು ತೆರೆಯಲಿಲ್ಲ. ಮರುದಿನವೂ ಇಲ್ಲ. ಅವಳು ಯಾರ ಕಾಲೂ ಹಿಡಿಯುವುದಿಲ್ಲ ಎಂದು ನಿರ್ಧರಿಸಿದಳು. ಲಿಫ್ಟಿನ ಹಿತ್ತಾಳೆ ಹಿಡಿಗಳನ್ನೆಲ್ಲ ತಿಕ್ಕಿ ಹೊಳೆಯಿಸಿದಳು. ಹೋಗುವುದೇ ಆದರೆ ಮುಖ ತೊಳೆದುಕೊಂಡು ಹೋಗಲಿ.

ಕಟ್ಟಡದ ಸಂಘದ ಸಭೆ ನಡೆದದ್ದು ಎರಡನೇ ಮಹಡಿಯ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ. ಅಧ್ಯಕ್ಷೆ ಅವರೇ. ವರದಿ ಓದಿ ಮುಗಿಸಿ, ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿದರು. ಅವಳು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ಅವನು ಎದ್ದ.

"ಆ ನಿಲುಗಡೆ ಲಿಫ್ಟಿನ ತಪ್ಪಲ್ಲ," ಅಂದ. ಕಿವಿಯ ತನಕ ಕೆಂಪಾಗಿದ್ದ. "ನನ್ನದು. ಅಲ್ಲಿ... ಬಿಸಿಲು ಚೆನ್ನಾಗಿ ಬರುತ್ತೆ. ಇವರ ಜೊತೆ ಕೂತ್ಕೊಳ್ಳೋಕೆ ನಿಲ್ಲಿಸ್ತಿದ್ವಿ. ಓದದೇ ಸಹಿ ಹಾಕಿದ್ದೂ ನಾನೇ."

ಯಾರೋ ಕೆಮ್ಮಿದರು.

"ಇಡೀ ಕಟ್ಟಡಕ್ಕೆ ಗೊತ್ತಿತ್ತು ಕಣಪ್ಪ," ಅಂದರು ಡಾಕ್ಟರಮ್ಮ. "ಮೆಟ್ಟಿಲು ಹತ್ತಿ ಹತ್ತಿ ನಮ್ಮ ಮೊಣಕಾಲಿಗೂ ಗೊತ್ತಿತ್ತು. ಗೊತ್ತಾಗದೇ ಇದ್ದದ್ದು ನಿನ್ನ ಪೆಟ್ಟಿಗೆಗೆ ಮಾತ್ರ. ಯಾರು ಹೇಳ್ತಾರೆ ಅಂತ ಕಾಯ್ತಿದ್ದೆ. ಬಾಯಿ ಬಿಡಿಸೋದೇ ನನ್ನ ಕಸುಬು."

ಲಿಫ್ಟು ಉಳಿಯಿತು. ಅವನ ಕಂಪನಿಗೆ ಮಾತ್ರ ನಗು ಬರಲಿಲ್ಲ. ದೂರದ ಊರಿನ ಆಫೀಸಿಗೆ ವರ್ಗ ಮಾಡಿತು. ಅಂದೇ ಸಂಜೆಯ ಟ್ರೇನಿಗೆ ಹೊರಟರೆ ಎಲ್ಲ ಮಾಫಿ, ಇಲ್ಲದಿದ್ದರೆ ಕೆಲಸ ಇಲ್ಲ. ಅವನು ಪೆಟ್ಟಿಗೆ ಬಿಚ್ಚಿಕೊಂಡು ಹೋಗಲು ಬಂದ. ಅವಳು ಮೇಲಿನ ಕೋಣೆಯಲ್ಲೇ ಇದ್ದಳು, ಇಳಿದು ಬರಲಿಲ್ಲ. ಅವನನ್ನು ಹೊತ್ತು ಲಿಫ್ಟು ಹೊರಟ ಸದ್ದು ಕೇಳಿತು. ಹಿಂದೆಯೇ ಸುಟ್ಟ ವಾಸನೆ, ಒಂದು ಧಡಕ್ಕು. ನಿಂತಿತು.

ಬ್ರೇಕಿನ ಮುಚ್ಚಳ ತೆಗೆದಳು. ಕಾಯಿಲ್ ಕರಕಲಾಗಿತ್ತು.

ಮೆಟ್ಟಿಲಿಳಿದು ಬಂದಳು. ನಿಂತದ್ದು ಆ ಕಿಟಕಿಯ ಎದುರೇ. ಮೆಟ್ಟಿಲ ಮೇಲೆ ಕೂತರೆ ಅವನ ಮುಖ ಸರಿಯಾಗಿ ಎದುರಿಗೆ, ನಡುವೆ ಜಾಲರಿ. ಬಿಸಿಲು ಅವನ ಮುಖದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು.

"ನಿನ್ನ ಪೆಟ್ಟಿಗೆ ಹೇಳಿದ್ದು ಸರಿ," ಅಂದಳು. "ಕಾಯಿಲ್ ಹೋಗಿದೆ. ನಂಗೆ ಕೇಳಿಸ್ಲಿಲ್ಲ."

"ಯಾಕಂತೆ?"

"ಬೇರೆ ಏನೋ ಕೇಳಿಸ್ಕೊಳ್ತಿದ್ದೆ."

"ಏನು?"

"ನಿನ್ನ."

ಅವನು ಜಾಲರಿಗೆ ಬೆರಳು ಸಿಕ್ಕಿಸಿದ.

"ಕೈ ಒಳಗೆ," ಅಂದಳು, ಅಭ್ಯಾಸಬಲದಿಂದ. ಆಮೇಲೆ ತಾನೇ ಆ ಬೆರಳುಗಳ ಮೇಲೆ ತನ್ನ ಬೆರಳಿಟ್ಟಳು. ಗ್ರೀಸಿನ ಗುರುತು ಅಲ್ಲೇ ಉಳಿಯಿತು. "ನಂಗೆ ನೀನು ಬೇಕು. ಅದಕ್ಕೋಸ್ಕರ ನಿನ್ನ ಟ್ರೇನು ತಪ್ಪಿಸಲ್ಲ. ಈಗ ಮೇಲೆ ಹೋಗಿ ನಿನ್ನ ಇಳಿಸ್ತೀನಿ. ಬೇಗ ನಡೆದ್ರೆ ಸಿಗುತ್ತೆ. ನಿಯಮ ಗೊತ್ತಲ್ಲ? ತಿರುಗಿ ಹೇಳು."

"ನಂಗೆ ನೀನು ಬೇಕು."

"ಅದಲ್ಲ ಕಣೋ. 'ಇಳೀತೀನಿ' ಅನ್ನು. ಅದನ್ನ ಹೇಳದಿದ್ರೆ ಚಕ್ರ ಮುಟ್ಟೋ ಹಂಗಿಲ್ಲ."

ಅವನು ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ, ಲಿಫ್ಟಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಎಲ್ಲೋ ನೋಡಲಿಲ್ಲ, ಅವಳನ್ನೇ ನೋಡಿದ.

"ಇಳಿಯಲ್ಲ," ಅಂದ.